ಏಳು ಬೀಜಗಳ ಫಕೀರರು: ಹಜ್ರತ್ ಬಾಬಾ ಬುಡನ್



ಭಟ್ಕಳದ ಪೇಟೆಯಲ್ಲಾಗಲಿ, ಹೊನ್ನಾವರದ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಾಗಲಿ, ಕುಮಟಾದ ಯಾವುದೇ ಮನೆಯಲ್ಲಾಗಲಿ ಇಂದು ಒಂದು ಲೋಟ ಕಾಫಿ ಸಿಗುವುದು ದೊಡ್ಡ ಮಾತಲ್ಲ. ಆದರೆ ಐದು ನೂರು ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿ ಕಾಫಿ ತೋಟವೆಂಬುದೇ ಇರಲಿಲ್ಲ. ಅದನ್ನು ಇಲ್ಲಿಗೆ ತಂದವರೆಂದು ನಾಡು ನೆನೆಯುವುದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಲೆಸಿದ್ದ ಒಬ್ಬ ಫಕೀರರನ್ನು. ಅವರೇ ಹಜ್ರತ್ ಬಾಬಾ ಬುಡನ್. ಅವರ ಹೆಸರು ಗೊತ್ತಿರುವವರು ಬಹಳ ಮಂದಿ. ಅವರು ಮಾಡಿದ ಕೆಲಸದ ತೂಕ ಗೊತ್ತಿರುವವರು ಕಡಿಮೆ.

ಬೆಟ್ಟ ಮತ್ತು ಗುಹೆ

ಚಿಕ್ಕಮಗಳೂರಿನ ಉತ್ತರಕ್ಕೆ ಕುದುರೆ ಲಾಳದ ಆಕಾರದಲ್ಲಿ ಒಂದು ಗಿರಿಶ್ರೇಣಿ ಹಬ್ಬಿದೆ. ಅದರ ಹಳೆಯ ಹೆಸರು ಚಂದ್ರದ್ರೋಣ ಪರ್ವತ. ಸುಮಾರು 1930 ಮೀಟರ್ ಎತ್ತರದ, ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಇರುವುದು ಇಲ್ಲಿಯೇ. ಈ ಶ್ರೇಣಿಯ ಗುಹೆಯೊಂದನ್ನು ಮುಸ್ಲಿಮರು ಹಜ್ರತ್ ದಾದಾ ಹಯಾತ್ ಮೀರ್ ಕಲಂದರ್ ಅವರ ನೆಲೆಯೆಂದು ಗೌರವಿಸುತ್ತಾರೆ. ಹಿಂದೂಗಳಿಗೆ ಅದು ಗುರು ದತ್ತಾತ್ರೇಯರ ಪೀಠ. ದಾದಾ ಅವರ ಪರಂಪರೆಗೆ ಸೇರಿದ ಸೂಫಿ ಸಂತರೆಂದು ಬಾಬಾ ಬುಡನ್ ಅವರನ್ನು ಜನ ನೆನೆಯುತ್ತಾರೆ. ಇಡೀ ಬೆಟ್ಟಕ್ಕೆ ಬಾಬಾಬುಡನ್‌ಗಿರಿ ಎಂಬ ಹೆಸರು ಬಂದದ್ದು ಅವರಿಂದಲೇ.

ಮೊಕಾದ ಕಾವಲು

ಬಾಬಾ ಅವರು ಹಜ್ಜ್ ಯಾತ್ರೆಗೆ ಹೋದ ಕಾಲದಲ್ಲಿ ಅರಬ್ ನಾಡಿನಲ್ಲಿ ಕಾಫಿ ಮನೆಮಾತಾಗಿತ್ತು. ಹದಿನೈದನೆಯ ಶತಮಾನದಲ್ಲೇ ಯಮನಿನ ಸೂಫಿಗಳು ರಾತ್ರಿಯ ಜಿಕ್ರ್‌ನಲ್ಲಿ ನಿದ್ದೆ ಬಾರದಿರಲೆಂದು ಅದನ್ನು ಕುಡಿಯುತ್ತಿದ್ದರು. 1511ರಲ್ಲಿ ಮಕ್ಕಾದ ಅಧಿಕಾರಿಯೊಬ್ಬರು ಕಾಫಿಯನ್ನು ನಿಷೇಧಿಸಿದರಾದರೂ ಆ ನಿಷೇಧ ಉಳಿಯಲಿಲ್ಲ. ಕೈರೋ, ಇಸ್ತಾಂಬುಲ್ ನಗರಗಳಲ್ಲಿ ಕಾಫಿ ಅಂಗಡಿಗಳು ತೆರೆದವು. ವ್ಯಾಪಾರದ ದೊಡ್ಡ ಪಾಲು ಹೋಗುತ್ತಿದ್ದುದು ಯಮನಿನ ಮೊಕಾ ಬಂದರಿನ ಮೂಲಕ. ಬೇರೆ ದೇಶದವರು ಗಿಡ ಬೆಳೆಸಿದರೆ ಈ ಲಾಭ ಕೈಬಿಟ್ಟು ಹೋಗುತ್ತದೆಂದು, ಮೊಳೆಯದಂತೆ ಕುದಿಸಿದ ಇಲ್ಲವೇ ಹುರಿದ ಬೀಜವನ್ನು ಮಾತ್ರ ಹೊರಗೆ ಬಿಡುತ್ತಿದ್ದರಂತೆ.

ಹಜ್ಜ್ ಮುಗಿಸಿ ಮರಳುವಾಗ ಬಾಬಾ ಅವರು ಹಸಿ ಜೀವವಿದ್ದ ಏಳು ಬೀಜಗಳನ್ನು ಉಡುಪಿನಲ್ಲಿ ಅಡಗಿಸಿ ತಂದು, ಗಿರಿಯ ಮೇಲಿನ ತಮ್ಮ ಆಶ್ರಮದ ಅಂಗಳದಲ್ಲಿ ನೆಟ್ಟರು ಎಂಬುದು ತಲೆಮಾರುಗಳಿಂದ ಬಂದ ಕಥೆ. ಗಡ್ಡದಲ್ಲಿ ಮುಚ್ಚಿಟ್ಟು ತಂದರೆಂದು ಹೇಳುವವರೂ ಇದ್ದಾರೆ. ಏಳೇ ಏಕೆ? ಕಾಬಾದ ಸುತ್ತ ತವಾಫ್ ಏಳು ಸುತ್ತು, ಸಫಾ ಮರ್ವಾ ನಡುವಿನ ಸಯೀ ಏಳು ಬಾರಿ. ಹಾಜಿಯೊಬ್ಬರ ಕಥೆಯಲ್ಲಿ ಈ ಸಂಖ್ಯೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಏಳು ಬೀಜ ಸಾಕೇ?

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಏಳು ಬೀಜದಿಂದ ಒಂದು ನಾಡಿನ ಬೆಳೆ ಹುಟ್ಟಲು ಸಾಧ್ಯವೇ? ಸಾಧ್ಯ. ಅರೇಬಿಕಾ ಕಾಫಿ ತನ್ನದೇ ಹೂವಿನ ಪರಾಗದಿಂದ ಕಾಯಿ ಕಟ್ಟಬಲ್ಲದು. ಒಂದೇ ಗಿಡ ಬದುಕಿದರೂ ಸಂತಾನ ಮುಂದುವರಿಯುತ್ತದೆ. ರೊಬಸ್ಟಾಕ್ಕೆ ಈ ಗುಣವಿಲ್ಲ. ಆದರೆ ಕಾಫಿ ಬೀಜದ ಮೊಳೆಯುವ ಶಕ್ತಿ ಕೆಲವೇ ತಿಂಗಳಲ್ಲಿ ಕುಂದುತ್ತಾ ಹೋಗುತ್ತದೆ. ಆದ್ದರಿಂದ ತಂದವರು ಅದನ್ನು ನೆನಪಿನ ಕಾಣಿಕೆಯಂತೆ ಪೆಟ್ಟಿಗೆಯಲ್ಲಿಟ್ಟು ಮರೆಯುವಂತಿರಲಿಲ್ಲ. ಕಡಲು ದಾಟಿ, ಘಟ್ಟ ಹತ್ತಿ, ಬೇಗನೆ ಮಣ್ಣಿಗೆ ಸೇರಿಸಬೇಕಿತ್ತು.

ಆ ಕಡಲ ದಾರಿ ನಮ್ಮ ಊರುಗಳಿಗೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡದ್ದಾಗಿ ಬರೆದಿದ್ದಾನೆ. ವಿಜಯನಗರದ ಕಾಲದಲ್ಲಿ ಭಟ್ಕಳಕ್ಕೆ ಅರೇಬಿಯಾ ಕಡೆಯಿಂದ ಕುದುರೆಗಳು ಬಂದಿಳಿಯುತ್ತಿದ್ದವು. ಇಲ್ಲಿಂದ ಅಕ್ಕಿ, ಸಕ್ಕರೆ ಹೋಗುತ್ತಿದ್ದವು. ಮಳೆಗಾಲದ ಗಾಳಿಯನ್ನು ನೋಡಿ ಹಡಗು ಬಿಡುವ ಆ ವಿದ್ಯೆಯೇ ಹಾಜಿಗಳನ್ನೂ ಹೊತ್ತು ತರುತ್ತಿತ್ತು.

ಕಥೆ ಎಷ್ಟು, ಚರಿತ್ರೆ ಎಷ್ಟು?

ಬೀಜ ನೆಟ್ಟ ಕಾಲವನ್ನು ಭಾರತೀಯ ಕಾಫಿ ಮಂಡಳಿ 1600 ಎನ್ನುತ್ತದೆ. ಅನೇಕ ಪುಸ್ತಕಗಳು 1670 ಎನ್ನುತ್ತವೆ. ಇದನ್ನು ಕಂಡು ಎಲ್ಲವೂ ಕಟ್ಟುಕಥೆ ಎಂದು ತಳ್ಳಿಹಾಕಬೇಡಿ. ಡಚ್ಚರ ದಾಖಲೆ ಇಲ್ಲಿ ನೆರವಿಗೆ ಬರುತ್ತದೆ. 1696ರಲ್ಲಿ ಅವರು ಮಲಬಾರ್ ಕರಾವಳಿಯಿಂದ ಕಾಫಿ ಸಸಿಗಳನ್ನು ಜಾವಾ ದ್ವೀಪಕ್ಕೆ ಒಯ್ದರು. ಅವು ನೆರೆಯಲ್ಲಿ ಹಾಳಾದವು. 1699ರಲ್ಲಿ ಮತ್ತೆ ಒಯ್ದಾಗ ಬೇರು ಹಿಡಿದವು. ಅಂದರೆ ಅಷ್ಟು ಹೊತ್ತಿಗೆ ಭಾರತದ ಪಶ್ಚಿಮ ಭಾಗದಲ್ಲಿ ಕಾಫಿ ಬೆಳೆಯುತ್ತಿದ್ದುದು ನಿಶ್ಚಯ.

ಮುಂದಿನದು ಇನ್ನೂ ಸ್ವಾರಸ್ಯ. ಜಾವಾದ ಗಿಡವೊಂದು 1706ರಲ್ಲಿ ಆಮ್‌ಸ್ಟರ್‌ಡಾಮಿನ ಸಸ್ಯೋದ್ಯಾನಕ್ಕೆ ಹೋಯಿತು. ಅದರ ಸಂತತಿಯ ಒಂದು ಗಿಡ 1714ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಕಾಣಿಕೆಯಾಯಿತು. ಅಲ್ಲಿಂದ 1720ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಗೂ ಕಾಫಿ ತಲುಪಿತು. ಟಿಪಿಕಾ ಎಂಬ ಪ್ರಸಿದ್ಧ ತಳಿಯ ಮೂಲವನ್ನು ಇಂದಿನ ತಳಿವಿಜ್ಞಾನಿಗಳು ಹುಡುಕುತ್ತಾ ಹೋದಾಗ ಯಮನಿನಿಂದ ಭಾರತಕ್ಕೆ ಬಂದ ಬೀಜಗಳನ್ನೇ ತಲುಪಿದ್ದಾರೆ. ಅಮೆರಿಕ ಖಂಡದ ಎಷ್ಟೋ ತೋಟಗಳ ಗಿಡಗಳಿಗೆ ನಮ್ಮ ನಾಡು ಅಜ್ಜಿಯ ಮನೆ ಇದ್ದಂತೆ.

ಗಿರಿಯ ತೋಟ

ಬಾಬಾ ಅವರ ನಂತರ ಬಹುಕಾಲ ಕಾಫಿ ಬೆಟ್ಟದ ಆಸುಪಾಸಿನ ಹಿತ್ತಿಲ ಗಿಡವಾಗಿಯೇ ಉಳಿಯಿತು. 1840ರ ಸುಮಾರಿಗೆ ಕ್ಯಾನನ್ ಎಂಬ ಇಂಗ್ಲಿಷ್ ತೋಟಗಾರ ಬಾಬಾಬುಡನ್ ಶ್ರೇಣಿಯ ದಕ್ಷಿಣಕ್ಕೆ ದೊಡ್ಡ ಎಸ್ಟೇಟ್ ಮಾಡಿದ ಮೇಲೆ ತೋಟಗಳು ಹಬ್ಬಿದವು. ಆಗ ಏಳು ಬೀಜಗಳ ಇನ್ನೊಂದು ಮುಖ ಕಾಣಿಸಿತು. ಕೆಲವೇ ಗಿಡಗಳ ಸಂತಾನವಾದ್ದರಿಂದ ಎಲ್ಲವುಗಳ ಗುಣ ಹೆಚ್ಚುಕಡಿಮೆ ಒಂದೇ, ಬಲಹೀನತೆಯೂ ಒಂದೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಎಲೆ ತುಕ್ಕು ರೋಗ ಮತ್ತು ಬಿಳಿ ಕಾಂಡಕೊರಕ ಹುಳು ಬಿದ್ದಾಗ ತೋಟಗಳು ನೆಲಕಚ್ಚಿದವು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಆರಂಭವಾಯಿತು. 1940ರ ದಶಕದಲ್ಲಿ ಅಲ್ಲಿಂದ ಬಂದ ಎಸ್.795 ತಳಿ ಇಂದಿಗೂ ಬೆಳೆಗಾರರ ಕೈಬಿಟ್ಟಿಲ್ಲ. ಫಕೀರರು ಬೀಜ ತಂದರು. ಅದನ್ನು ಉಳಿಸಲು ಓದಿದವರ ದುಡಿಮೆ ಬೇಕಾಯಿತು.

ಇಂದು ಗಿರಿಯ ಕಾಫಿ ಬೆಳೆಯುವುದು ಮರಗಳ ನೆರಳಿನಲ್ಲಿ. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದ ಕೆಲವೇ ದಿನಗಳಲ್ಲಿ ತೋಟವೆಲ್ಲ ಮಲ್ಲಿಗೆಯಂತೆ ಬಿಳಿಯಾಗುತ್ತದೆ. ಎತ್ತರದ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ. ಮಳೆಗಾಲ ಕಳೆದ ಮೇಲೆ ಕೆಲಸದವರು ಕೆಂಪಾದ ಹಣ್ಣನ್ನು ಆರಿಸಿ ಕೈಯಿಂದ ಬಿಡಿಸುತ್ತಾರೆ. ಸಿಪ್ಪೆ ತೆಗೆದು, ಹುಳಿಯಲು ಬಿಟ್ಟು, ತೊಳೆದು, ಕಣದಲ್ಲಿ ಒಣಗಿಸುತ್ತಾರೆ. ತುಂಬು ರುಚಿ, ಹದವಾದ ಹುಳಿ, ಚಾಕೊಲೇಟಿನ ಪರಿಮಳ ಇದರ ಹೆಗ್ಗುರುತು. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದು. ಅದನ್ನು ನಂಬಿ ಲಕ್ಷಾಂತರ ಕುಟುಂಬಗಳು ಬದುಕುತ್ತಿವೆ.

ನಮಗೆ ಉಳಿದದ್ದು

ಕಾವಲಿದ್ದ ಬೀಜವನ್ನು ಅಡಗಿಸಿ ತಂದದ್ದು ಸರಿಯೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಪರಂಪರೆಯ ಕಥೆಯಲ್ಲಿ ಬಾಬಾ ಅವರು ಆ ಬೀಜವನ್ನು ಮಾರಲಿಲ್ಲ, ಅದರಿಂದ ಹಣ ಮಾಡಲಿಲ್ಲ. ನೆಟ್ಟು ಊರಿಗೆ ಬಿಟ್ಟರು. ಅಲ್ಲಾಹನು ಬೆಳೆಸುವ ಗಿಡಕ್ಕೆ ಒಂದೇ ಬಂದರಿನವರು ಬೇಲಿ ಹಾಕಬಹುದೇ ಎಂಬುದನ್ನೂ ಜೊತೆಗೇ ಯೋಚಿಸಿ, ನೀವೇ ತೀರ್ಮಾನಿಸಿ.

ಆ ಗುಹೆಯ ಹಕ್ಕಿನ ವಿಚಾರ ಕಳೆದ ಕೆಲವು ದಶಕಗಳಲ್ಲಿ ನ್ಯಾಯಾಲಯದ ಮೆಟ್ಟಿಲೇರಿದೆ. ಎರಡು ಸಮುದಾಯದವರೂ ಹರಕೆ ಹೊತ್ತು ಹತ್ತಿದ ಬೆಟ್ಟದಲ್ಲಿ ಹೀಗಾದದ್ದು ನೋವಿನ ಸಂಗತಿ. ಆದರೆ ಅದೇ ಬೆಟ್ಟದ ಇಳಿಜಾರಿನ ಕಾಫಿ ಎಲ್ಲರ ಮನೆಯ ಒಲೆಯ ಮೇಲೂ ಕುದಿಯುತ್ತದೆ. ಸಂತರನ್ನು ಎಲ್ಲರೂ ತಮ್ಮವರೆಂದು ನೆನೆಯುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ವಿದ್ಯಾರ್ಥಿ ಮಿತ್ರರೇ, ನಮ್ಮ ಊರುಗಳಿಂದ ಇಂದಿಗೂ ಅನೇಕರು ಅದೇ ಕಡಲಿನಾಚೆ ದುಡಿಯಲು, ಓದಲು ಹೋಗುತ್ತಾರೆ. ನಾಳೆ ನಿಮ್ಮಲ್ಲೂ ಹಲವರು ಹೋಗುವಿರಿ. ಮರಳಿ ಬರುವಾಗ ಹಣ, ಸಾಮಾನು ಎಲ್ಲವೂ ಬರಲಿ. ಜೊತೆಗೆ ಊರಿನ ಮಣ್ಣಿನಲ್ಲಿ ನೆಟ್ಟರೆ ಬೆಳೆಯುವಂಥ ಒಂದು ವಿದ್ಯೆಯನ್ನು, ಒಂದು ಕಸುಬನ್ನು ತನ್ನಿ. ತಂದದ್ದನ್ನು ಹತ್ತು ಜನರಿಗೆ ಹಂಚಿ.