ಚಾರ್ಲಿ ಮರಿಯಾನೊ

ಚಾರ್ಲಿ ಮರಿಯಾನೊ (ನವೆಂಬರ್ 12, 1923 – ಜೂನ್ 16, 2009) ಅಮೆರಿಕದ ಜಾಝ್ ಸಂಗೀತಗಾರರು ಹಾಗೂ ಆಲ್ಟೊ ಸ್ಯಾಕ್ಸೊಫೋನ್ ವಾದಕರು. ಬೀಬಾಪ್ ಶೈಲಿಯಲ್ಲಿ ಪಳಗಿದ್ದ ಇವರು ನಡುವಯಸ್ಸಿನಲ್ಲಿ ನಾದಸ್ವರವನ್ನು ಕಲಿತರು; ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಡನೆ ಧ್ವನಿಮುದ್ರಣಗಳನ್ನು ಮಾಡಿದರು.

ಆರಂಭಿಕ ಜೀವನ ಮತ್ತು ಬೀಬಾಪ್

ಮರಿಯಾನೊ ಅವರು ಬಾಸ್ಟನ್ ನಗರದಲ್ಲಿ, ಇಟಲಿಯಿಂದ ವಲಸೆ ಬಂದ ಕುಟುಂಬದಲ್ಲಿ ಜನಿಸಿದರು. ಅವರು ಯೌವನಕ್ಕೆ ಕಾಲಿಟ್ಟ 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮೊದಲಾದವರು ಬೀಬಾಪ್ ಶೈಲಿಯನ್ನು ರೂಪಿಸಿದರು. ನೃತ್ಯಕ್ಕಾಗಿ ನುಡಿಸುತ್ತಿದ್ದ ದೊಡ್ಡ ವಾದ್ಯವೃಂದಗಳ ಬದಲು ನಾಲ್ಕೈದು ಮಂದಿಯ ಚಿಕ್ಕ ತಂಡ, ಅತಿವೇಗದ ಲಯ, ಹಳೆಯ ಹಾಡಿನ ಸ್ವರಮೇಳದ ಕ್ರಮವನ್ನಷ್ಟೇ ಉಳಿಸಿಕೊಂಡು ಅದರ ಮೇಲೆ ಅಲ್ಲಿಯೇ ಹೊಸ ಸ್ವರಸಂಚಾರವನ್ನು ಹೆಣೆಯುವುದು ಇದರ ಲಕ್ಷಣಗಳು. ನಮ್ಮ ಸಂಗೀತದ ಮನೋಧರ್ಮಕ್ಕೆ ಇದನ್ನು ಹೋಲಿಸಬಹುದಾದರೂ ಇಲ್ಲಿ ರಾಗದ ಸ್ಥಾನದಲ್ಲಿ ಸ್ವರಮೇಳವಿದೆ.

ಪಾರ್ಕರ್ ಅವರ ಪ್ರಭಾವ ಎಷ್ಟಿತ್ತೆಂದರೆ, ಅವರ ನಂತರ ಬಂದ ಪ್ರತಿಯೊಬ್ಬ ಆಲ್ಟೊ ವಾದಕನನ್ನೂ ಅವರೊಡನೆ ಹೋಲಿಸಿಯೇ ಅಳೆಯಲಾಯಿತು. ಮರಿಯಾನೊ ಅವರೂ ಇದಕ್ಕೆ ಹೊರತಾಗಲಿಲ್ಲ. ಬಾಸ್ಟನ್ನಿನಲ್ಲಿದ್ದುದೂ ಅವರಿಗೆ ತೊಡಕಾಯಿತೆನ್ನಬೇಕು. ಅಲ್ಲಿನ ವಾದಕರು 1950ರ ದಶಕದ ಆರಂಭದಲ್ಲಿ ಪ್ರೆಸ್ಟೀಜ್ ಸಂಸ್ಥೆಗಾಗಿ ನುಡಿಸಿದ ತಟ್ಟೆಗಳು ನ್ಯೂಯಾರ್ಕಿನ ತಟ್ಟೆಗಳಷ್ಟು ಪ್ರಚಾರ ಪಡೆಯಲಿಲ್ಲ. ಮರಿಯಾನೊ ಅವರೊಡನೆ ನುಡಿಸಿದ ಪಿಯಾನೊ ವಾದಕ ಡಿಕ್ ಟ್ವಾರ್ಡ್‌ಜಿಕ್ 1955ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅವರ ನುಡಿಸಾಣಿಕೆ ಉಳಿದಿರುವುದು ಇಂತಹ ಕೆಲವೇ ಮುದ್ರಣಗಳಲ್ಲಿ.

1953ರಲ್ಲಿ ಮರಿಯಾನೊ ಸ್ಟಾನ್ ಕೆಂಟನ್ ವಾದ್ಯವೃಂದವನ್ನು ಸೇರಿದರು. 1955ರಲ್ಲಿ ಆ ವೃಂದದೊಡನೆ ನುಡಿಸಿದ ‘ಸ್ಟೆಲ್ಲಾ ಬೈ ಸ್ಟಾರ್‌ಲೈಟ್’ ಅವರ ವಾದನವನ್ನು ಪರಿಚಯಿಸಿಕೊಳ್ಳಲು ಒಳ್ಳೆಯ ಆರಂಭ. ಪಾರ್ಕರ್ ಅವರಿಂದ ಕಲಿತ ವೇಗ ಅದರಲ್ಲಿದೆ. ಆದರೆ ನೀಳ ಸ್ವರಗಳಲ್ಲಿ ಕೇಳಿಬರುವ ಅಳುವಿನಂತಹ ನಾದ ಮರಿಯಾನೊ ಅವರದೇ. ಅದೇ ನಾದ ಚಾರ್ಲ್ಸ್ ಮಿಂಗಸ್ ಅವರ 1963ರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿಯೂ ಎದ್ದು ಕೇಳಿಸುತ್ತದೆ. ಆ ಮುದ್ರಣ ಮಿಂಗಸ್ ಅವರ ಶ್ರೇಷ್ಠ ಕೃತಿಗಳಲ್ಲೊಂದೆಂದು ಪ್ರಸಿದ್ಧ; ಅದರ ಆಲ್ಟೊ ವಾದಕನ ಹೆಸರು ಮಾತ್ರ ಹಲವರಿಗೆ ತಿಳಿಯದು. ಈ ನಡುವೆ ಜಪಾನಿನ ಪಿಯಾನೊ ವಾದಕಿ ತೊಷಿಕೊ ಅಕಿಯೋಶಿ ಅವರನ್ನು ವಿವಾಹವಾಗಿ, ಇಬ್ಬರೂ ಸೇರಿ ತಂಡವೊಂದನ್ನು ನಡೆಸಿದರು. ಮುಂದೆ ಈ ದಾಂಪತ್ಯ ಮುರಿಯಿತು.

ನಾದಸ್ವರ ಮತ್ತು ಬೆಂಗಳೂರು

1960ರ ದಶಕದ ಉತ್ತರಾರ್ಧದಲ್ಲಿ ಕೆಲಸದ ಮೇಲೆ ಮಲೇಷ್ಯಾಕ್ಕೆ ಹೋದಾಗ ಮರಿಯಾನೊ ನಾದಸ್ವರವನ್ನು ಕೇಳಿದರು. ಆಗ ಅವರಿಗೆ ನಲವತ್ತು ದಾಟಿತ್ತು. ಸ್ಯಾಕ್ಸೊಫೋನಿನದು ಒಂಟಿ ಪೀಪಿ; ನಾದಸ್ವರದ ಜೋಡಿ ಸೀವಾಳಿಗೆ ಉಸಿರು, ತುಟಿಗಳ ಹಿಡಿತವನ್ನು ಮೊದಲಿನಿಂದ ರೂಢಿಸಿಕೊಳ್ಳಬೇಕು. ಹೆಸರಾಂತ ವಾದಕರೊಬ್ಬರು ಹೀಗೆ ಮತ್ತೆ ವಿದ್ಯಾರ್ಥಿಯಾದರು. ನಾದಸ್ವರದ ಮನೆತನದಿಂದ ಬಂದು ಸ್ಯಾಕ್ಸೊಫೋನಿಗೆ ಒಲಿದ ಕದ್ರಿ ಗೋಪಾಲನಾಥ್ ಅವರದು ಇದಕ್ಕೆ ನೇರ ವಿರುದ್ಧ ದಿಕ್ಕಿನ ಪಯಣ.

1970ರ ದಶಕದಲ್ಲಿ ಯೂರೋಪಿಗೆ ನೆಲೆ ಬದಲಿಸಿದ ಮರಿಯಾನೊ, ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆಗಾರರಾದರು. 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆ ‘ಜ್ಯೋತಿ’ಯನ್ನು ಹೊರತಂದಿತು. ಇದರಲ್ಲಿ ಆರ್. ಎ. ರಮಾಮಣಿ ಅವರ ಗಾಯನ, ಮಣಿ ಅವರ ಮೃದಂಗ, ಆರ್. ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಚಿಂಗ್, ಟಿ. ಎನ್. ಶಶಿಕುಮಾರ್ ಅವರ ಖಂಜೀರವಿದೆ. ಪಿಯಾನೊ, ಡ್ರಮ್ಸ್ ಇಲ್ಲವೇ ಇಲ್ಲ. ಬೀಬಾಪಿನ ಸ್ವರಮೇಳಗಳ ಆಸರೆಯನ್ನು ಬಿಟ್ಟು, ತಂಬೂರಿಯ ಶ್ರುತಿಯ ಮೇಲೆ ಮರಿಯಾನೊ ಇಲ್ಲಿ ನುಡಿಸುತ್ತಾರೆ. ಹಲವೆಡೆ ದನಿಯನ್ನು ತಗ್ಗಿಸಿ ರಮಾಮಣಿ ಅವರ ಗಾಯನಕ್ಕೆ ಎಡೆ ಮಾಡಿಕೊಡುತ್ತಾರೆ.

ಈ ತಂಡದೊಡನೆ ಅವರ ಒಡನಾಟ ಮುಂದಿನ ವರ್ಷಗಳಲ್ಲಿಯೂ ಸಾಗಿ ಇನ್ನೂ ಕೆಲವು ಮುದ್ರಣಗಳು ಬಂದವು. 2009ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ, 85ನೆಯ ವಯಸ್ಸಿನಲ್ಲಿ, ಮರಿಯಾನೊ ನಿಧನರಾದರು.