ಕಾಡಶೆಟ್ಟಿಹಳ್ಳಿಯ ಗವಾಯಿಗಳು

ನಾವು ಪಾಟೀಚೀಲ ಹಿಡಿದು ಸಾಲಿಗೆ ಹೊರಟಾಗ ನಮ್ಮ ಓಣಿಯ ಹುಡುಗನೊಬ್ಬ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಹೈಸ್ಕೂಲು ಸೇರಿದ ವರ್ಷ ಅವನ ಅವ್ವ ಅವನನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಬಿಟ್ಟು ಬಂದಳು. ಆ ಆಶ್ರಮ ಕಟ್ಟಿದವರು ನಮ್ಮ ಹಾನಗಲ್ಲ ತಾಲ್ಲೂಕಿನವರೇ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅವರ ಬಗ್ಗೆಯೇ ಬರೆಯಬೇಕೆನಿಸಿತು.

ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ದೃಷ್ಟಿಯಿರಲಿಲ್ಲ. ಅಣ್ಣ ಗುರುಬಸಯ್ಯನೂ ಅಂಧ. ಈ ಮಕ್ಕಳ ಹಾಡು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನು ಕರೆದೊಯ್ದು ಸಂಗೀತ ಕಲಿಯಲು ಏರ್ಪಾಟು ಮಾಡಿದರು. ಕರ್ನಾಟಕ ಸಂಗೀತದ ಜೊತೆಗೆ ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿಯನ್ನೂ ಕಲಿತು ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾದರು.

ಅಷ್ಟು ವಿದ್ಯೆಯಿದ್ದವರು ಯಾವುದಾದರೂ ಸಂಸ್ಥಾನದ ಆಶ್ರಯದಲ್ಲಿ ಸುಖವಾಗಿರಬಹುದಿತ್ತು. ಇವರು ಅಂಧ, ಅನಾಥ, ಬಡ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿದರು. ಬಿಡಾರ ಹೂಡಿದ ಕಡೆಯೇ ಸಂಗೀತ ಶಾಲೆ. ಹೊಟ್ಟೆಪಾಡಿಗೆ ನಾಟಕ ಕಂಪನಿ ಕಟ್ಟಿದರು. ಅದರಲ್ಲಿ ಹಾಡುವವರು, ಬಾರಿಸುವವರು ಶಿಷ್ಯರೇ. ಕಂಪನಿ ನಾಟಕದ ಬಾಳು ನೋಡಿದವರಿಗೆ ಗೊತ್ತು, ಸಂಜೆ ಮಳೆ ಸುರಿದರೆ ಅಂದಿನ ಗಲ್ಲಾ ಖಾಲಿ. ಆದರೆ ಮಕ್ಕಳ ಹಸಿವು ಮಳೆಗೆ ನಿಲ್ಲುವುದಿಲ್ಲವಲ್ಲ!

1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಅಲ್ಲಿ ಹರೆಯದ ಶಿಷ್ಯ ಬಸವರಾಜ ರಾಜಗುರು ಹಾಡಲು ಕುಳಿತಾಗ ತಬಲಾ ಸಾಥ್ ಕೊಟ್ಟವರು ಸ್ವತಃ ಗುರುಗಳು. ಹಿರಿಯ ಗಾಯಕರೊಬ್ಬರು ತಮ್ಮ ಹುಡುಗನ ಮೊದಲ ದೊಡ್ಡ ಕಚೇರಿಯಲ್ಲಿ ಪಕ್ಕಕ್ಕೆ ಕುಳಿತು ಠೇಕಾ ಹಿಡಿದದ್ದು! ಅವರ ಎಲ್ಲ ಬಿರುದುಗಳಿಗಿಂತ ನನಗೆ ಇದೇ ದೊಡ್ಡದೆನಿಸುತ್ತದೆ.

ಮುಂದೆ ಬಸರಿಗಿಡದ ವೀರಪ್ಪನವರ ನೆರವಿನಿಂದ ತಿರುಗುವ ಶಾಲೆ ಗದಗಿನಲ್ಲಿ ನೆಲೆ ನಿಂತಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಆಶ್ರಮದ ಹೊಣೆ ನಮ್ಮ ತಾಲ್ಲೂಕಿನ ಇನ್ನೊಬ್ಬ ಅಂಧ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. 1995ರ ಸಿನಿಮಾ ನೋಡಿ ಹೆಸರು ಬಲ್ಲವರು ಬಹಳ ಮಂದಿ. ಕಾಡಶೆಟ್ಟಿಹಳ್ಳಿ ಎಲ್ಲಿದೆಯೆಂದು ನಮ್ಮ ಮಕ್ಕಳನ್ನೇ ಕೇಳಿ ನೋಡಿ.

ನಮ್ಮ ಓಣಿಯ ಹುಡುಗ ಹತ್ತು ವರ್ಷದ ಮೇಲೆ ಊರ ಜಾತ್ರೆಗೆ ಬಂದು ತಬಲಾ ನುಡಿಸಿದ. ಕಾರ್ಯಕ್ರಮ ಮುಗಿದ ಮೇಲೆ ಕೊಟ್ಟ ನೋಟುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿ, ಅವ್ವನ ಉಡಿಗೆ ಹಾಕಿದ.