ಅಬೂ ಅಯ್ಯೂಬ್ ಅನ್ಸಾರಿ(ರ): ಮನೆಯನ್ನೂ ಮಾನವನ್ನೂ ಕಾಪಾಡಿದ ಹಿರಿಯ ಯೋಧ

ಮದ್ರಸದಲ್ಲಿ ಕಲಿತ ನಮಗೆಲ್ಲ ಅಬೂ ಅಯ್ಯೂಬ್ ಅನ್ಸಾರಿ(ರ) ಅಂದ ಕೂಡಲೇ ನೆನಪಾಗುವುದು ಪ್ರವಾದಿಯವರ ಒಂಟೆ. ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದಾಗ, ನಮ್ಮಲ್ಲೇ ಇಳಿಯಬೇಕು ಅಂತ ಪ್ರತಿಯೊಂದು ಕುಟುಂಬದವರೂ ಒತ್ತಾಯ ಮಾಡಿದ್ರು. ಒಂಟೆಗೆ ಅಲ್ಲಾಹನ ಆಜ್ಞೆ ಇದೆ, ಅದರ ಪಾಡಿಗೆ ಬಿಟ್ಟುಬಿಡಿ ಎಂದು ಪ್ರವಾದಿಯವರು ತಿಳಿಸಿದರು. ಈಗ ಮಸ್ಜಿದುನ್ನಬವಿ ಇರುವ ಜಾಗದಲ್ಲಿ ಅದು ಮಂಡಿಯೂರಿತು. ಹತ್ತಿರದ ಮನೆ ಬನೂ ನಜ್ಜಾರ್ ಗೋತ್ರದ ಖಾಲಿದ್ ಬಿನ್ ಝೈದ್ ಅವರದು. ಅವರೇ ಅಬೂ ಅಯ್ಯೂಬ್. ಸಾಮಾನು ಎತ್ತಿಕೊಂಡು ಒಳಗೆ ಹೋಗಿಯೇಬಿಟ್ಟರು.

ನಾವು ಕತೆಯನ್ನು ಇಲ್ಲಿಗೇ ನಿಲ್ಲಿಸಿಬಿಡ್ತೇವೆ. ಆಮೇಲೆ ಸುಮಾರು ಐವತ್ತು ವರ್ಷ ಅವರು ಬಾಳಿದ ಬಾಳನ್ನು ಮಾತಾಡುವುದು ಕಡಿಮೆ.

ಅವರದು ಎರಡು ಅಂತಸ್ತಿನ ಮನೆ. ನೋಡಲು ಬರುವವರಿಗೆ ಅನುಕೂಲವಾಗಲಿ ಅಂತ ಪ್ರವಾದಿಯವರು ಕೆಳಗೆ ಉಳಿದರು. ಮೇಲೆ ಅಬೂ ಅಯ್ಯೂಬ್ ಮತ್ತು ಪತ್ನಿ ಉಮ್ಮು ಅಯ್ಯೂಬ್. ಪ್ರವಾದಿಯವರ ತಲೆಯ ಮೇಲೆ ನಾವು ನಡೆದಾಡುವುದಾ ಎಂದು ಗಂಡ ಹೆಂಡತಿ ಇಬ್ಬರಿಗೂ ಸಂಕಟ. ಒಂದು ರಾತ್ರಿ ನೀರಿನ ಮಡಕೆ ಒಡೆದುಹೋಯಿತು. ಕೆಳಗೆ ಒಂದು ಹನಿಯೂ ಸೋರಬಾರದೆಂದು ಇಬ್ಬರೂ ಹೊದೆಯುವ ಕಂಬಳಿಯಲ್ಲೇ ನೀರು ಒರೆಸಿದರು. ಅವರಿಗೆ ಇದ್ದದ್ದು ಅದೊಂದೇ ಕಂಬಳಿ. ಕೊನೆಗೆ ವಿನಂತಿಸಿಕೊಂಡು ಪ್ರವಾದಿಯವರನ್ನು ಮೇಲಕ್ಕೆ ಕರೆತಂದರು.

ಅಡುಗೆ ಮಾಡಿ ಮೊದಲು ಪ್ರವಾದಿಯವರಿಗೆ ಕಳಿಸುವುದು, ಪಾತ್ರೆಯಲ್ಲಿ ಉಳಿದದ್ದನ್ನು ಬರ್ಕತ್ತಿಗೆಂದು ತಾವು ತಿನ್ನುವುದು ಆ ಮನೆಯ ರೂಢಿ. ಒಂದು ದಿನ ಊಟ ಮುಟ್ಟದೆ ವಾಪಸು ಬಂತು. ಅಬೂ ಅಯ್ಯೂಬ್ ಗಾಬರಿಯಿಂದ ಓಡಿಬಂದು ವಿಚಾರಿಸಿದರೆ, ಅದರಲ್ಲಿ ಬೆಳ್ಳುಳ್ಳಿ ಇತ್ತು. ಹರಾಮ್ ಅಲ್ಲ, ಆದರೆ ಮಲಕ್‌ಗಳ ಜೊತೆ ಮಾತಾಡುವವರಾದ್ದರಿಂದ ಪ್ರವಾದಿಯವರು ಆ ವಾಸನೆಯನ್ನು ದೂರ ಇಟ್ಟಿದ್ದರು. ಆವತ್ತಿಂದ ಅವರಿಗೆ ಇಷ್ಟವಿಲ್ಲದ್ದು ತಮಗೂ ಬೇಡ ಅಂದುಬಿಟ್ಟರು ಅಬೂ ಅಯ್ಯೂಬ್.

ಇಂತಹ ಮನೆಯ ಯಜಮಾನ ಬದ್ರ್, ಉಹುದ್, ಖಂದಕ್ ಎಲ್ಲದರಲ್ಲೂ ಕತ್ತಿ ಹಿಡಿದವರು. ಆದರೆ ಅವರ ದೊಡ್ಡ ಪರೀಕ್ಷೆ ರಣರಂಗದಲ್ಲಿ ಆಗಲಿಲ್ಲ, ಮನೆಯೊಳಗೆ ಆಯಿತು. ಉಮ್ಮುಲ್ ಮುಅ್‌ಮಿನೀನ್ ಆಯಿಷಾ(ರ)ರ ಮೇಲೆ ಕಪಟಿಗಳು ಅಪವಾದ ಹಬ್ಬಿಸಿದಾಗ ಮದೀನಾ ಪೂರ್ತಿ ಗುಸುಗುಸು. ಒಳ್ಳೆಯವರೂ ಕೆಲವರು ಬಾಯಿ ಹಾಕಿದ್ರು. ಜನ ಏನು ಹೇಳ್ತಿದ್ದಾರೆ ಗೊತ್ತಾ ಎಂದು ಉಮ್ಮು ಅಯ್ಯೂಬ್ ಕೇಳಿದರು. ಗೊತ್ತು, ಅದು ಶುದ್ಧ ಸುಳ್ಳು ಎಂದರು ಪತಿ. ಆಮೇಲೆ, ನೀನು ಅಂಥದ್ದು ಮಾಡುವವಳಾ ಎಂದು ಪತ್ನಿಯನ್ನೇ ಕೇಳಿದರು. ಆಕೆ ಇಲ್ಲವೆಂದಾಗ, ಆಯಿಷಾ ನಿನಗಿಂತ ಉತ್ತಮರು ಎಂದು ಹೇಳಿ ಮಾತು ಮುಗಿಸಿದರು. ಆ ಮನೆಯಿಂದ ಆ ಸುದ್ದಿ ಹೊರಗೆ ದಾಟಲಿಲ್ಲ. ಇಂಥದ್ದು ಕೇಳಿದಾಗ ವಿಶ್ವಾಸಿಗಳು ತಮ್ಮವರ ಬಗ್ಗೆ ಒಳ್ಳೆಯದನ್ನೇ ಭಾವಿಸಬೇಕಿತ್ತು ಎಂಬ ಆಶಯದ ಸೂರಃ ಅನ್ನೂರ್‌ನ 12ನೇ ವಚನವನ್ನು ವಿವರಿಸುವಾಗ ವ್ಯಾಖ್ಯಾನಕಾರರು ಈ ದಂಪತಿಯನ್ನು ನೆನೆಯುತ್ತಾರೆ.

ವಯಸ್ಸಾದ ಮೇಲೂ ಈ ಗುಣ ಹಾಗೇ ಇತ್ತು. ಇನ್ನೊಬ್ಬರ ಕುಂದನ್ನು ಮುಚ್ಚಿಡುವವರ ಕುಂದನ್ನು ಅಲ್ಲಾಹನು ಖಿಯಾಮತ್ ದಿನ ಮುಚ್ಚಿಡುತ್ತಾನೆ ಎಂಬ ಹದೀಸನ್ನು ಅವರು ಸ್ವತಃ ಕೇಳಿದ್ದರು. ಜೊತೆಗೆ ಕೇಳಿದವರಲ್ಲಿ ಉಳಿದದ್ದು ಉಖ್ಬಾ ಬಿನ್ ಆಮಿರ್(ರ) ಒಬ್ಬರೇ, ಅವರು ಇದ್ದದ್ದು ಈಜಿಪ್ಟಿನಲ್ಲಿ. ಆ ಒಂದು ಮಾತು ಖಚಿತ ಮಾಡಿಕೊಳ್ಳಲು ಅಬೂ ಅಯ್ಯೂಬ್ ಮರಳುಗಾಡು ದಾಟಿ ಹೋದರು. ಕೇಳಿದರು, ಸರಿಯೆಂದು ತಿಳಿಯಿತು, ಅಲ್ಲಿಂದಲೇ ಮದೀನಾಕ್ಕೆ ತಿರುಗಿದರು. ಉಳಿದು ವಿಶ್ರಾಂತಿ ಕೂಡಾ ತೆಗೆದುಕೊಳ್ಳಲಿಲ್ಲ. ಇಂದು ನಮ್ಮ ಜಮಾಅತಿನ ಯಾರದೋ ಮನೆಯ ಹೆಣ್ಮಗಳ ಬಗ್ಗೆ ವಾಟ್ಸ್‌ಆ್ಯಪಿನಲ್ಲಿ ಒಂದು ಆಡಿಯೊ ಬಂದರೆ, ಪಕ್ಕದ ಮನೆಗೆ ಹೋಗಿ ನಿಜವಾ ಅಂತ ಕೇಳುವ ವ್ಯವಧಾನವೂ ನಮಗಿಲ್ಲ. ಫಾರ್ವರ್ಡ್ ಒತ್ತಿ ಆಗಿರುತ್ತದೆ. ನಿಖಾಹ್ ಮುರಿದ ಮೇಲೆ, ತಲಾಖ್ ಆದ ಮೇಲೆ ಸುಳ್ಳೆಂದು ತಿಳಿದರೆ ಏನು ಪ್ರಯೋಜನ?

ಇನ್ನೊಂದು ಸಂಗತಿಯನ್ನು ನಮ್ಮ ಮದುವೆ ಹಾಲ್‌ಗಳವರು ಕೇಳಬೇಕು. ಇಬ್ನು ಉಮರ್(ರ) ತಮ್ಮ ಮಗನ ಮದುವೆಯ ಔತಣಕ್ಕೆ ಕರೆದಿದ್ದರು. ಹೋಗಿ ನೋಡಿದರೆ ಗೋಡೆಗಳಿಗೆಲ್ಲ ಹಸಿರು ಪರದೆ. ಹೆಂಗಸರ ಮಾತು ಮೀರಲಾಗಲಿಲ್ಲ ಎಂದು ಇಬ್ನು ಉಮರ್ ನಾಚಿಕೊಂಡರೂ ಅಬೂ ಅಯ್ಯೂಬ್ ಊಟ ಮಾಡದೆ ಎದ್ದು ಹೋದರು. ಬರೀ ಪರದೆಗೇ ಹೀಗೆ. ನಮ್ಮ ಸ್ಟೇಜು, ಲೈಟು, ಹೂವಿನ ಖರ್ಚು ನೋಡಿದ್ದರೆ ಏನು ಮಾಡುತ್ತಿದ್ದರೋ.

ಮುದಿ ವಯಸ್ಸಿನಲ್ಲಿ, ಹಿಜರಿ 50ರ ಆಸುಪಾಸು, ಮುಸ್ಲಿಂ ಸೇನೆ ಕಾನ್‌ಸ್ಟಾಂಟಿನೋಪಲ್ ಕಡೆಗೆ ಹೊರಟಿತು. ಅವರೂ ಹೊರಟರು. ಅಲ್ಲಿ ಒಬ್ಬ ಯೋಧ ಒಂಟಿಯಾಗಿ ಶತ್ರುಗಳ ನಡುವೆ ನುಗ್ಗಿದಾಗ, ಇವನು ತನ್ನನ್ನು ತಾನೇ ನಾಶಕ್ಕೆ ತಳ್ಳುತ್ತಿದ್ದಾನೆಂದು ಜನ ಕುರ್‌ಆನ್ ವಚನ ಹೇಳಿ ಕೂಗಿದರು. ಆ ವಚನ ಇಳಿದದ್ದು ನಮ್ಮ ಅನ್ಸಾರ್‌ಗಳ ಬಗ್ಗೆ ಎಂದು ಅಬೂ ಅಯ್ಯೂಬ್ ತಿದ್ದಿದರು. ಇನ್ನು ಮನೆ, ತೋಟ ನೋಡಿಕೊಂಡು ಇದ್ದುಬಿಡೋಣ ಎಂದು ತಾವು ಯೋಚಿಸಿದ್ದೇ ಆ ನಾಶ ಎಂದು ವಿವರಿಸಿದರು. ಮನೆಯನ್ನು ಅಷ್ಟು ಪ್ರೀತಿಸಿದವರೇ ಇದನ್ನು ಹೇಳಿದ್ದು.

ಅಲ್ಲೇ ಕಾಯಿಲೆಬಿದ್ದರು. ಮುಂದಕ್ಕೆ ಹೋಗಲಾಗುವಷ್ಟು ದೂರ ಒಯ್ದು ದಫನ ಮಾಡಿ ಎಂಬುದು ಅವರ ವಸಿಯ್ಯತ್. ಹಾಗೆಯೇ ನಗರದ ಕೋಟೆಯ ಹತ್ತಿರ ದಫನ ಮಾಡಿದರು. 1453ರಲ್ಲಿ ಸುಲ್ತಾನ್ ಎರಡನೇ ಮುಹಮ್ಮದ್ ಆ ನಗರ ಗೆದ್ದ ನಂತರ ಅಲ್ಲಿ ಮಖ್ಬರ ಮತ್ತು ಮಸೀದಿ ಎದ್ದಿತು. ಉಸ್ಮಾನಿಯಾ ಸುಲ್ತಾನರು ಪಟ್ಟಕ್ಕೆ ಬಂದಾಗ ಕತ್ತಿ ಕಟ್ಟಿಸಿಕೊಳ್ಳುತ್ತಿದ್ದದ್ದೂ ಅಲ್ಲೇ. ಈಗ ಇಸ್ತಾಂಬುಲ್‌ಗೆ ಟೂರ್ ಹೋಗುವ ನಮ್ಮವರು ಅಲ್ಲಿ ಝಿಯಾರತ್ ಮಾಡಿ ಫೋಟೊ ಕಳಿಸುತ್ತಾರೆ. ಸಂತೋಷ. ಮುಂದಿನ ಸಲ ಯಾರದಾದರೂ ಮನೆಯ ಸುದ್ದಿ ನಮ್ಮ ಫೋನಿಗೆ ಬಂದಾಗ ಅದನ್ನು ನಮ್ಮಲ್ಲೇ ನಿಲ್ಲಿಸಿದರೆ ಆ ಝಿಯಾರತ್ತಿಗೂ ಒಂದು ಅರ್ಥ ಬರುತ್ತದೆ. ಅಲ್ಲಾಹನು ನಮಗೆಲ್ಲ ಅದಕ್ಕೆ ತೌಫೀಖ್ ನೀಡಲಿ. ಆಮೀನ್.